ಅಂಚಿನ ಆಟಗಾರ

ಶಾಲೆಯ ಬಯಲಿನಲ್ಲಿ ತಂಡ ಕಟ್ಟುವಾಗ ನಮ್ಮಲ್ಲೊಂದು ವಾಡಿಕೆಯುಂಟು. ಚುರುಕಾದ ಹುಡುಗರನ್ನು ನಡುವೆ ನಿಲ್ಲಿಸಿ, ಉಳಿದವರನ್ನು ಅಂಚಿಗೆ ಕಳುಹಿಸುವುದು. ಇದು ಸರಿಯೇ ಎಂಬುದನ್ನು ಹಾಕಿಯ ಚರಿತ್ರೆಯನ್ನೇ ಕೇಳಿ ನೋಡೋಣ. ಚೇಕಾಡಿಯವರಿಗೆ ಆ ಚರಿತ್ರೆ ದೂರದ್ದಲ್ಲ; ಇಲ್ಲಿಯ ಬತ್ತದ ಗದ್ದೆಗಳಾಚೆ ಕಬಿನಿಯನ್ನೂ ನಾಗರಹೊಳೆಯ ಕಾಡನ್ನೂ ದಾಟಿದರೆ ಕೊಡಗು. ಅಲ್ಲಿಯ ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗಲೇ 60 ಮನೆತನಗಳು ಕಣಕ್ಕಿಳಿದುವು.

ಹಿಂದಿನ ಪದ್ಧತಿಯಲ್ಲಿ ತಂಡದ 11 ಮಂದಿಯಲ್ಲಿ ಐವರು ಮುಂದಿನ ಸಾಲಿನವರು. ಮೂವರು ನಡುವೆ; ಇಬ್ಬರು ಎರಡು ಅಂಚಿನ ಗೆರೆಗಳ ಬಳಿ. ಇವರೇ ವಿಂಗರುಗಳು. ಮಂಜುಗಡ್ಡೆಯ ಮೇಲಿನ ಹಾಕಿಯಲ್ಲಿಯೂ ಆರು ಮಂದಿಯಲ್ಲಿ ಇಬ್ಬರು ಇಂಥವರೇ. ಎದುರಾಳಿಯ ರಕ್ಷಕನನ್ನು ಅಂಚಿಗೆ ಸೆಳೆದು ನಡುವೆ ದಾರಿ ತೆರೆಯುವುದು, ಓಡಿ ಮುಂದೆ ಹೋಗಿ ಚೆಂಡನ್ನು ಗೋಲಿನ ಎದುರಿಗೆ ಒಪ್ಪಿಸುವುದು ವಿಂಗರನ ಧರ್ಮ. ಎಡ ಅಂಚಿನ ಕೆಲಸ ಇನ್ನೂ ಕಠಿಣ. ಹಾಕಿ ಕೋಲಿನ ಚಪ್ಪಟೆ ಮುಖ ಎಡಗಡೆಗೆ ಮಾತ್ರ ಇರುವುದರಿಂದ ಬಲ ಅಂಚಿನವನ ಹೊಡೆತ ಸಹಜವಾಗಿ ನಡುವಿಗೆ ಹೋಗುತ್ತದೆ. ಎಡ ಅಂಚಿನವನಾದರೋ ಚೆಂಡನ್ನು ಬಳಸಿ ಮೈ ತಿರುಗಿಸಬೇಕು, ಇಲ್ಲವೆ ಕೋಲನ್ನು ಮಗುಚಬೇಕು.

1975ರಲ್ಲಿ ಕೌಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಕೊಡಗಿನ ಬಿ. ಪಿ. ಗೋವಿಂದರಿದ್ದ ಆ ತಂಡದಲ್ಲಿ ಬಲ ಅಂಚಿಗೆ ವಿ. ಜೆ. ಫಿಲಿಪ್ಸ್, ಎಡ ಅಂಚಿಗೆ ಹರಚರಣ್ ಸಿಂಗ್. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹುಲ್ಲಿನ ನೆಲ ಹೋಗಿ ಕೃತಕ ನೆಲ ಬಂದಿತು. ಭಾರತ ಏಳನೆಯ ಸ್ಥಾನಕ್ಕಿಳಿಯಿತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮವೂ ಹೋಯಿತು. ಐವರ ಸಾಲು ಸಡಿಲವಾಗಿ, ವಿಂಗರನು ಮುಂದೆ ನುಗ್ಗುವುದಷ್ಟೇ ಅಲ್ಲದೆ ಹಿಂದಿರುಗಿ ಕಾಯುವವನೂ ಆಗಬೇಕಾಯಿತು.

ಈ ಹೊಸ ಆಟದಲ್ಲಿ ಅಂಚಿನ ಓಟಕ್ಕೆ ಹೆಸರಾದವರು 1989ರಲ್ಲಿ ಕೊಡಗಿನ ಸೋಮವಾರಪೇಟೆಯಲ್ಲಿ ಹುಟ್ಟಿದ ಎಸ್. ವಿ. ಸುನಿಲ್. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅವರು 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2017ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಅವರು ಕೈಲಾಗದೆ ಅಂಚಿಗೆ ಸರಿದವರಲ್ಲ. ತಂಡದಲ್ಲಿ ಅತ್ಯಂತ ವೇಗಿಗಳೆಂದೇ ಅಲ್ಲಿ ನಿಂತವರು.

ಆದುದರಿಂದ ಉಪಾಧ್ಯಾಯ ಮಿತ್ರರು ಮುಂದಿನ ಸಲ ತಂಡ ಕಟ್ಟುವಾಗ ಅಂಚಿಗೆ ಯಾರನ್ನು ಕಳುಹಿಸುತ್ತಿದ್ದೇವೆ, ಏಕೆ ಕಳುಹಿಸುತ್ತಿದ್ದೇವೆ ಎಂದು ಒಂದು ಕ್ಷಣ ಯೋಚಿಸಲಿ. ಅಲ್ಲಿ ನಿಂತ ಬಾಲಕನಿಗೂ ಬಾಲಕಿಗೂ ಆ ಸ್ಥಾನದ ಕೆಲಸವನ್ನು ತಿಳಿಯಹೇಳಲಿ. ಗೋಲಿನ ಲೆಕ್ಕದಲ್ಲಿ ಅವರ ಹೆಸರು ಬಾರದಿರಬಹುದು. ಆದರೆ ಆ ಗೋಲು ಹುಟ್ಟುವುದು ಅನೇಕ ಸಲ ಅವರ ಓಟದಿಂದಲೇ.