ಬಿಲ ತೋಡುವ ಜೀವಿಗಳ ಹತೋಟಿ: ಕೋವಿಯಿಂದ ಆಗುವುದೆಷ್ಟು?

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಗ್ರಾಮಾಂತರ ಭಾಗದಲ್ಲಿ ಮನೆಯಂಗಳ ಎಲ್ಲಿ ಮುಗಿಯಿತು, ಅಡಿಕೆ ತೋಟ ಎಲ್ಲಿ ಆರಂಭವಾಯಿತು ಎಂದು ಹೇಳುವುದು ಕಷ್ಟ. ಹಟ್ಟಿ, ಗೊಬ್ಬರದ ಗುಂಡಿ, ಪಂಪ್ ಶೆಡ್, ಬಾಳೆಯ ಸಾಲು, ತೋಟದ ಕಣಿ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮಳೆ ನಿಂತು ನೆಲ ಗಟ್ಟಿಯಾಗತೊಡಗಿದಂತೆ ಅಂಗಳದಂಚಿನಲ್ಲಿ ಹೊಸ ಮಣ್ಣಿನ ಗುಪ್ಪೆಗಳು ಕಾಣಿಸಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಬಾಳೆಯ ಕಂದು ಒರಗುತ್ತದೆ, ಸಸಿಯ ಬುಡ ಸಡಿಲವಾಗುತ್ತದೆ, ಕಟ್ಟೆಯ ಕಲ್ಲು ಕುಸಿಯುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ, ಊರಿನ ಮಾತಿನಲ್ಲಿ ಹೇಳುವುದಾದರೆ 'ಬೆಡಿ', ಮನೆಯಲ್ಲಿದ್ದರೆ ಅದನ್ನೇ ಬಳಸಿ ಒಂದೇ ಏಟಿಗೆ ಕಾಟ ಮುಗಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸಣ್ಣ ಗುಂಡಿನ ರೈಫಲ್‌ನಿಂದ ಹಿತ್ತಲಿನ ಪೀಡೆ ನಿವಾರಿಸುವ ಪದ್ಧತಿಯ ಬಗ್ಗೆ ಓದಿದವರೂ ಇದನ್ನೇ ಕೇಳುತ್ತಾರೆ. ಕಾನೂನು, ಸುರಕ್ಷತೆ, ಪ್ರಾಣಿಯ ನೋವು ಎಂಬ ಮೂರೂ ಬಗೆಯಿಂದ ನೋಡಿದರೆ ಇಲ್ಲಿನ ಉತ್ತರ ಬಹುಮಟ್ಟಿಗೆ 'ಇಲ್ಲ' ಎಂಬುದೇ ಆಗಿದೆ.

ಬಿಲ ಯಾರದು?

ಮೊದಲು ತಿಳಿಯಬೇಕಾದದ್ದು ಬಿಲದ ಒಡೆಯ ಯಾರೆಂಬುದು. ಬಾಯಿಯ ಬಳಿ ಹೊಸ ಮಣ್ಣಿನ ಗುಪ್ಪೆಯಿದ್ದು, ದ್ವಾರವನ್ನು ಒಳಗಿನಿಂದ ಮಣ್ಣಿನಿಂದಲೇ ಮುಚ್ಚಿದ್ದರೆ ಅದು ಬಹುತೇಕ ಕಿರಿ ಹೆಗ್ಗಣದ್ದು. ಗದ್ದೆಯ ಹುಣಿ, ತೋಟದ ಕಣಿ, ಮನೆಯ ಅಡಿಪಾಯಗಳಲ್ಲಿ ಅದು ಕವಲುಕವಲಾಗಿ ಸುರಂಗ ತೋಡಿ ಧಾನ್ಯ ಸಂಗ್ರಹಿಸುತ್ತದೆ. ತುಳುವಿನಲ್ಲಿ 'ಪೆರ್ಗುಡೆ' ಎಂದು ಕರೆಸಿಕೊಳ್ಳುವ ಹೆಗ್ಗಣಗಳಲ್ಲಿ ದೊಡ್ಡ ಜಾತಿಯದು ಸುಮಾರು 1 ಕಿಲೋ ತೂಗುವುದೂ ಉಂಟು. ಕೊಕ್ಕೊ ಕಾಯಿಯನ್ನು ಕೊರೆಯುವ ಇಲಿ ಬೇರೆಯೇ. ಅದು ಹೆಚ್ಚಾಗಿ ಮರದ ಮೇಲೆ, ತೆಂಗಿನ ತಲೆಯಲ್ಲಿ ವಾಸಿಸುತ್ತದೆ. ಕಾಯಿಯ ತೊಟ್ಟಿನ ಬಳಿ ತೂತಿದ್ದರೆ ಇಲಿಯದೆಂದೂ ನಡುಭಾಗದಲ್ಲಿದ್ದರೆ ಅಳಿಲಿನದೆಂದೂ ಸಾಮಾನ್ಯವಾಗಿ ಗುರುತಿಸಲಾಗುತ್ತದೆ. 1986ರಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಆರಂಭವಾದ ಪುತ್ತೂರಿನ ಪರಿಸರದಲ್ಲಿ ಈ ವ್ಯತ್ಯಾಸ ಸಣ್ಣ ವಿಷಯವಲ್ಲ.

ಬಾಯಿ ಅಗಲವಾಗಿದ್ದು, ಸುತ್ತ ಕಪ್ಪು-ಬಿಳುಪು ಮುಳ್ಳು ಬಿದ್ದಿದ್ದರೆ ಅದು ಮುಳ್ಳುಹಂದಿಯದು. 10 ಕಿಲೋಗೂ ಹೆಚ್ಚು ತೂಗುವ ಈ ನಿಶಾಚರಿ ಎಳೆ ತೆಂಗಿನ ಸಸಿ, ಮರಗೆಣಸು, ಬಾಳೆಗಡ್ಡೆಗಳನ್ನು ಅಗೆದು ತಿನ್ನುತ್ತದೆ. ಗೆದ್ದಲಿನ ಹುತ್ತವನ್ನು ಬಗೆದ ಗುರುತಿದ್ದರೆ ಅಲ್ಲಿಗೆ ಬಂದದ್ದು ಚಿಪ್ಪುಹಂದಿಯಾಗಿರಬಹುದು. ಇರುವೆ, ಗೆದ್ದಲುಗಳನ್ನಷ್ಟೇ ತಿಂದು ಬದುಕುವ ಅದರಿಂದ ಬೆಳೆಗೆ ಹಾನಿಯಿಲ್ಲ, ಲಾಭವೇ ಉಂಟು. ಹೆಗ್ಗಣ ಬಿಟ್ಟ ಬಿಲದಲ್ಲಿ ನಾಗರಹಾವೋ ಉಡವೋ ಸೇರಿಕೊಂಡಿರುವುದೂ ಅಪರೂಪವಲ್ಲವಾದ್ದರಿಂದ ಬರಿಗೈ ಹಾಕುವುದು ಸಲ್ಲದು.

ಯಾವುದು ವಾಸವಿರುವ ಬಿಲವೆಂದು ಅರಿಯಲು ಹಳೆಯ ಉಪಾಯವೊಂದಿದೆ. ಸಂಜೆ ಎಲ್ಲ ಬಿಲಗಳ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಗ್ಗೆ ತೆರೆದುಕೊಂಡವನ್ನಷ್ಟೇ ಎಣಿಸಬೇಕು. ನೂರು ತೂತು ಕಂಡಲ್ಲಿ ನೂರು ಹೆಗ್ಗಣಗಳಿಲ್ಲವೆಂಬುದು ಆಗ ಗೊತ್ತಾಗುತ್ತದೆ.

ಕಾನೂನು ಹೇಳುವುದು

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಕೃಷಿಕನನ್ನೂ ಗುರಿಕಾರನನ್ನೂ ಪ್ರತ್ಯೇಕವಾಗಿ ನೋಡುತ್ತದೆ. ಬೆಳೆ ರಕ್ಷಣೆಗೆ ಅದು ಸೂಚಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದೆಂದು ಪರವಾನಗಿ ನೀಡುವ ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ತೋಟೆ ಕೋವಿಯನ್ನು ಅನುಮತಿಸಬಹುದು. ಪಾಯಿಂಟ್ 22 ರೈಫಲ್ ಈ ಕಲಮಿನಲ್ಲಿ ಬರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಹೆಗ್ಗಣ ಹೊಡೆಯಲು ಸಣ್ಣ ರೈಫಲ್ ಬೇಕೆಂದು ಅರ್ಜಿ ಹಾಕುವವರು ಕಾಯ್ದೆ ಊಹಿಸದೇ ಇದ್ದ ಬೇಡಿಕೆಯನ್ನು ಮುಂದಿಡುತ್ತಿದ್ದಾರೆ ಎಂದಾಯಿತು.

ಘಟ್ಟದ ಮೇಲಿನ ಕೊಡಗಿನ ಉದಾಹರಣೆಯನ್ನು ಸುಳ್ಯದ ಕಡೆ ಆಗಾಗ ಎತ್ತುವುದುಂಟು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 10 ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂಪಾಜೆ ಗಡಿ ದಾಟಿ ಕೆಳಗಿಳಿದರೆ ದಕ್ಷಿಣ ಕನ್ನಡದ ಕೃಷಿಕರಿಗೆ ಅಂತಹ ಸವಲತ್ತಿಲ್ಲ. 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂಬ ಅಂಶವೂ ಆಗಲೇ ಸೇರಿತು.

ಕೋವಿಯ ಪರವಾನಗಿ ಎಂದರೆ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇಲಿಗಳನ್ನು ಪೀಡಕಗಳೆಂದು 5ನೇ ಅನುಸೂಚಿಯಲ್ಲಿ ಪಟ್ಟಿಮಾಡಲಾಗಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಆ ಅನುಸೂಚಿಯೇ ಹೋಯಿತು. ಸಾಮಾನ್ಯ ಇಲಿ, ಹೆಗ್ಗಣಗಳಿಗೆ ಈಗಲೂ ರಕ್ಷಣೆಯಿಲ್ಲ. ಮುಳ್ಳುಹಂದಿ, ಚಿಪ್ಪುಹಂದಿ, ಉಡಗಳ ಮಾತು ಬೇರೆ. ಅವು ಸಂರಕ್ಷಿತ ಜೀವಿಗಳು. ಕಾಯ್ದೆಯ ಅರ್ಥದಲ್ಲಿ ವಿಷವಿಡುವುದೂ ಉರುಳು ಹಾಕುವುದೂ ಬೇಟೆಯೇ. ಮುಳ್ಳುಹಂದಿಗೆಂದು ಬೇಲಿಯ ಕಂಡಿಯಲ್ಲಿಟ್ಟ ಉರುಳಿಗೆ ಚಿರತೆ ಸಿಕ್ಕಿಕೊಂಡರೆ ಪ್ರಕರಣದ ಗಾತ್ರವೇ ಬದಲಾಗುತ್ತದೆ. ಆದ್ದರಿಂದ ಮುಳ್ಳುಹಂದಿಯ ಹಾನಿಗೆ ಹಿಡಿಯಬೇಕಾದ ದಾರಿ ವಲಯ ಅರಣ್ಯ ಕಚೇರಿಯದು. ಹಾನಿಯ ಛಾಯಾಚಿತ್ರ ಮತ್ತು ಪಹಣಿಯೊಂದಿಗೆ ಲಿಖಿತ ದೂರು ಸಲ್ಲಿಸುವುದು ಲೇಸು.

ಗುಂಡು ಮತ್ತು ನೋವು

ದಯಾಪರ ಹತ್ಯೆ ಎಂಬುದಕ್ಕೆ ಅರ್ಥವಿರುವುದು ಪ್ರಾಣಿ ತಕ್ಷಣ ಪ್ರಜ್ಞೆ ಕಳೆದುಕೊಂಡಾಗ ಮಾತ್ರ. ಅದಕ್ಕೆ ಗುಂಡು ಮಿದುಳಿಗೇ ತಾಗಬೇಕು. ಹೆಗ್ಗಣದ ಮಿದುಳು ಸಿಪ್ಪೆಸಹಿತ ಗೇರುಬೀಜಕ್ಕಿಂತಲೂ ಚಿಕ್ಕದು. ಅದು ಹೊರಬರುವುದು ಕತ್ತಲಲ್ಲಿ, ನಿಲ್ಲುವುದು ಕ್ಷಣಮಾತ್ರ, ಅದೂ ಬಿಲದ ಬಾಯಿಯ ಪಕ್ಕದಲ್ಲಿ. ಹೊಟ್ಟೆಗೋ ಕಾಲಿಗೋ ಏಟು ತಿಂದ ಪ್ರಾಣಿ ಒಳಗೆ ನುಸುಳಿ ಗಂಟೆಗಟ್ಟಲೆ ನರಳಿ ಸಾಯುತ್ತದೆ; ತಾಯಿಯಾಗಿದ್ದರೆ ಮರಿಗಳೂ ಹಸಿದು ಸಾಯುತ್ತವೆ. ಹೊಡೆದವರ ಕಣ್ಣಿಗೆ ಇದಾವುದೂ ಬೀಳದು. ಪರವಾನಗಿ ಬೇಡದ 4.5 ಮಿಲಿಮೀಟರ್ ಏರ್‌ಗನ್ನಿನ ವಿಷಯದಲ್ಲಂತೂ ಗಾಯಗೊಳಿಸುವ ಸಂಭವವೇ ಹೆಚ್ಚು. ಇನ್ನು ಕೇಪಿನ ಕೋವಿಯ ಚರೆ ಚದುರಿ ಹಾರುವುದರಿಂದ ಇಷ್ಟು ಸಣ್ಣ ಗುರಿಗೆ ಅದು ತಕ್ಕ ಸಾಧನವೇ ಅಲ್ಲ.

ಮನುಷ್ಯರ ಸುರಕ್ಷತೆಯೂ ಇಲ್ಲಿದೆ. ಪಾಯಿಂಟ್ 22 ಗುಂಡು ಆಟಿಕೆಯಂತೆ ಕಂಡರೂ ಸುಮಾರು ಒಂದೂವರೆ ಕಿಲೋಮೀಟರ್ ಹಾರಬಲ್ಲದು. ಈ ಭಾಗದ ನೆಲದಲ್ಲಿ ಹೇರಳವಾಗಿರುವ ಮುರಕಲ್ಲಿಗೋ ಕಗ್ಗಲ್ಲಿಗೋ ಬಡಿದರೆ ದಿಕ್ಕು ಬದಲಿಸಿ ಚಿಮ್ಮುತ್ತದೆ. ಒಂದು ಗುಡ್ಡದ ಬುಡದಲ್ಲಿ ನಾಲ್ಕು ಮನೆ, ನಡುವೆ ಕಾಲುದಾರಿ, ಮುಂಜಾನೆ ರಬ್ಬರ್ ಟ್ಯಾಪಿಂಗಿಗೆ ಹೊರಡುವ ಕಾರ್ಮಿಕರು ಇರುವ ಊರಿನಲ್ಲಿ ಕತ್ತಲಿನತ್ತ ಗುಂಡು ಹಾರಿಸುವುದು ಹೆಗ್ಗಣಕ್ಕೆ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ.

ನಡೆಯುವ ಉಪಾಯಗಳು

ಹೆಗ್ಗಣದ ಗರ್ಭಾವಧಿ ಸುಮಾರು 3 ವಾರ. ಒಂದು ಸೂಲಿಗೆ ಹಲವು ಮರಿ. ಒಂದೊಂದಾಗಿ ಕೊಲ್ಲುವುದಕ್ಕಿಂತ ಆಹಾರ ಮತ್ತು ಆಸರೆ ತಪ್ಪಿಸುವುದೇ ಫಲಕಾರಿ. ಅಂಗಳದ ಅಡಿಕೆ, ಕೊಬ್ಬರಿ, ಹಿಂಡಿಯನ್ನು ಮುಚ್ಚಿಡುವುದು, ಸೋಗೆಯ ರಾಶಿಯನ್ನು ಮನೆಯಿಂದ ದೂರ ಸರಿಸುವುದು, ಹಣ್ಣಾದ ಕೊಕ್ಕೊ ಕಾಯಿಯನ್ನು ಕಾಲಕ್ಕೆ ಸರಿಯಾಗಿ ಕೊಯ್ಯುವುದು ಇವು ಮೊದಲ ಹೆಜ್ಜೆ. ತೆಂಗಿನ ಕಾಂಡಕ್ಕೆ ನೆಲದಿಂದ 2 ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತಿದರೆ ಇಲಿ ಏರದು. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ತಗಡು ವ್ಯರ್ಥ.

ಕೊಲ್ಲಲೇಬೇಕಾದಲ್ಲಿ ಬಿಗಿ ಸ್ಪ್ರಿಂಗಿನ ಕತ್ತರಿ ಬೋನು ಉಳಿದವುಗಳಿಗಿಂತ ಕಡಿಮೆ ಕ್ರೂರ. ಹೆಗ್ಗಣಕ್ಕೆ ಇಲಿಯ ಬೋನು ಸಾಲದು, ದೊಡ್ಡ ಅಳತೆಯದೇ ಬೇಕು. ಅಂಟು ಹಲಗೆಯಲ್ಲಿ ಪ್ರಾಣಿ ದಿನಗಟ್ಟಲೆ ಒದ್ದಾಡುತ್ತದೆ. ಪಂಜರದ ಬೋನಿನಲ್ಲಿ ಸಿಕ್ಕಿದ್ದನ್ನು ಬಕೆಟಿನ ನೀರಿನಲ್ಲಿ ಮುಳುಗಿಸುವ ರೂಢಿಯೂ ನೋವಿಲ್ಲದ ಸಾವಲ್ಲ. ಯಾವುದೇ ಪ್ರಾಣಿಗೆ ಅನಗತ್ಯ ಹಿಂಸೆ ಕೊಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ನಿಷೇಧಿಸುತ್ತದೆ ಎಂಬುದನ್ನು ಇಲಿಯ ಮಟ್ಟಿಗೆ ಯಾರೂ ನೆನಪಿಡುವುದಿಲ್ಲ.

ತೋಟದ ಪ್ರಮಾಣದಲ್ಲಿ ವಿಷ ಬಳಸದೆ ನಿರ್ವಾಹವಿಲ್ಲದಾಗ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ಶಿಫಾರಸು ಮಾಡಲಾಗುತ್ತದೆ. ಕೊಕ್ಕೊ ಗಿಡದ ಕವಲಿನಲ್ಲಿ 10 ಗ್ರಾಮಿನ ಬಿಲ್ಲೆಯನ್ನು 10-12 ದಿನಗಳ ಅಂತರದಲ್ಲಿ ಎರಡು ಸಲ ಇಡುವುದು ಕ್ರಮ. ಇಲಿ ಸಾಯಲು ಕೆಲವು ದಿನ ಹಿಡಿಯುವುದರಿಂದ ಇದನ್ನು ದಯಾಪರವೆನ್ನಲಾಗದು; ಸತ್ತ ಇಲಿಯನ್ನು ತಿಂದ ಗೂಬೆಗೂ ಬೆಕ್ಕಿಗೂ ಅಪಾಯ. ಆದರೂ ಮನುಷ್ಯರಿಗೆ ಅಥವಾ ನಾಯಿಗೆ ತಪ್ಪಿ ಹೊಟ್ಟೆಗೆ ಹೋದರೆ ವಿಟಮಿನ್ ಕೆ1 ಎಂಬ ಪ್ರತ್ಯೌಷಧ ಉಂಟು. ಸತುವಿನ ಫಾಸ್ಫೈಡಿಗೆ ಅದಿಲ್ಲ. ಮಕ್ಕಳಿರುವ ಮನೆಯಂಗಳದಲ್ಲಿ ಅದರ ಬಳಕೆ ಬೇಡವೇ ಬೇಡ.

ಮುಳ್ಳುಹಂದಿಗೆ ತಡೆಯೇ ಮದ್ದು. ತಂತಿಬಲೆಯನ್ನು ನೆಲದೊಳಕ್ಕೂ ಒಂದಡಿಯಷ್ಟು ಹೂತು ಎಳೆ ಸಸಿಗಳ ಸುತ್ತ ಕಟ್ಟಬೇಕು. ಮೇಲೆ ನಿಂತ ಬೇಲಿಯನ್ನು ಅದು ಅಡಿಯಿಂದ ತೋಡಿ ದಾಟುತ್ತದೆ.

ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಮುಟ್ಟದೆ, ಕೈಗವಸು ಧರಿಸಿ ಬಾವಿ ಮತ್ತು ತೋಡಿನಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಮೂತ್ರದ ಮೂಲಕ ಹರಡುವ ಇಲಿಜ್ವರ ಕರಾವಳಿಯಲ್ಲಿ ಮಳೆಗಾಲದ ಕಾಯಿಲೆ. ಕಾಲಿನ ಗಾಯದೊಂದಿಗೆ ಕಣಿಯ ನೀರಿಗಿಳಿಯುವವರಿಗೆ, ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿದರೆ ಅಂದೇ ವೈದ್ಯರನ್ನು ಕಾಣುವುದು ಅವಶ್ಯ.