ಎಂಎಸ್ ಔಷಧಗಳ ಹೋಲಿಕೆ: ಪ್ರಯೋಗಶಾಲೆಯಿಂದ ಮಯೂರ್ ವಿಹಾರ್‌ವರೆಗೆ

ಮಿದುಳು, ಬೆನ್ನುಹುರಿಯ ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಕಾಯಿಲೆಯನ್ನು ಪ್ಯಾರಿಸ್‌ನ ವೈದ್ಯ ಶಾರ್ಕೊ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ರೋಗದ ಗತಿಯನ್ನು ತಡೆಯಬಲ್ಲ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ಇಂಟರ್ಫೆರಾನ್ ಬೀಟಾ-1ಬಿ ಎಂಬ ಆ ಚುಚ್ಚುಮದ್ದನ್ನು 372 ರೋಗಿಗಳಲ್ಲಿ ಹುಸಿಮದ್ದಿನ ಎದುರು ಪರೀಕ್ಷಿಸಿದಾಗ ಮರುಕಳಿಕೆ ಸುಮಾರು ಮೂರನೇ ಒಂದು ಭಾಗ ತಗ್ಗಿತ್ತು. ಮುಂದಿನ ಎರಡು ದಶಕಗಳಲ್ಲಿ ಗ್ಲಾಟಿರಾಮರ್, ನಟಾಲಿಜುಮಾಬ್, ಫಿಂಗೋಲಿಮಾಡ್ ಬಂದವು. ಆದರೆ ಪರೀಕ್ಷೆಗಳಲ್ಲಿ ಹೆಚ್ಚಿನವು ಹೊಸ ಮದ್ದನ್ನು ಹುಸಿಮದ್ದಿನ ಜೊತೆಗೋ ಹಳೆಯ ಇಂಟರ್ಫೆರಾನ್ ಜೊತೆಗೋ ಇಟ್ಟು ನೋಡಿದವು. ಎರಡು ಹೊಸ ಮದ್ದುಗಳಲ್ಲಿ ಯಾವುದು ಮೇಲು ಎಂದು ರೋಗಿ ಕೇಳಿದರೆ ವೈದ್ಯರ ಬಳಿ ಉತ್ತರವಿರಲಿಲ್ಲ.

ಆ ಉತ್ತರಕ್ಕಾಗಿ ಸಂಶೋಧಕರು ದಿನನಿತ್ಯದ ಚಿಕಿತ್ಸೆಯ ಕಡತಗಳ ಕಡೆ ತಿರುಗಿದರು. ಮೆಲ್ಬರ್ನ್ ಕೇಂದ್ರವಾಗಿ ಬೆಳೆದ ಎಂಎಸ್‌ಬೇಸ್ ಎಂಬ ಅಂತಾರಾಷ್ಟ್ರೀಯ ನೋಂದಣಿ ಇಂಥ ಕೆಲಸಕ್ಕೆ ಹೆಸರಾಯಿತು. ಇಲ್ಲೊಂದು ತೊಡಕಿದೆ: ರೋಗ ಉಗ್ರವಾಗಿರುವವರಿಗೇ ವೈದ್ಯರು ಬಲವಾದ ಮದ್ದು ಕೊಡುತ್ತಾರೆ. ಕಡತವನ್ನು ಹಾಗೇ ಓದಿದರೆ ಒಳ್ಳೆಯ ಮದ್ದೇ ಕೆಟ್ಟದಾಗಿ ಕಾಣುತ್ತದೆ. ಹಾಗಾಗಿ ವಯಸ್ಸು, ಹಿಂದಿನ ಮರುಕಳಿಕೆಗಳು, ಅಂಗವೈಕಲ್ಯದ ಪ್ರಮಾಣ ಇವೆಲ್ಲ ಸರಿಸಾಟಿಯಾಗಿರುವ ರೋಗಿಗಳನ್ನು ಜೋಡಿ ಮಾಡಿಯೇ ಹೋಲಿಸಬೇಕು. ಈ ಕ್ರಮದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗ ಚುರುಕಾಗಿರುವವರಲ್ಲಿ ಮರುಕಳಿಕೆ ತಡೆಯಲು ಫಿಂಗೋಲಿಮಾಡ್‌ಗಿಂತ ನಟಾಲಿಜುಮಾಬ್ ಮೇಲು ಎಂದು ಕಂಡುಕೊಂಡಿತು.

ನನ್ನ ದೃಷ್ಟಿಯಲ್ಲಿ ಭಾರತಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ರಿಟುಕ್ಸಿಮಾಬ್ ಕಥೆ. ರಕ್ತದ ಕ್ಯಾನ್ಸರ್‌ಗೆಂದು ಬಂದ ಈ ಮದ್ದಿಗೆ ಎಂಎಸ್‌ನಲ್ಲಿ ಅಧಿಕೃತ ಅನುಮತಿ ಇರಲಿಲ್ಲ. ಆದರೂ ಸ್ವೀಡನ್‌ನ ವೈದ್ಯರು ವ್ಯಾಪಕವಾಗಿ ಬಳಸಿ, ಫಲಿತಾಂಶವನ್ನು ತಪ್ಪದೆ ದಾಖಲಿಸಿದರು. ಹೊಸದಾಗಿ ರೋಗ ಪತ್ತೆಯಾದ 494 ರೋಗಿಗಳ ಅಧ್ಯಯನ 2018ರಲ್ಲಿ ಹೊರಬಂತು: ಇಂಟರ್ಫೆರಾನ್‌ನಂಥ ಚುಚ್ಚುಮದ್ದುಗಳಿಗಿಂತ ರಿಟುಕ್ಸಿಮಾಬ್ ಪಡೆದವರಲ್ಲಿ ಮರುಕಳಿಕೆಯೂ ಕಡಿಮೆ, ಮದ್ದು ನಿಲ್ಲಿಸಿದವರೂ ಕಡಿಮೆ. 2022ರ ನಿಯಂತ್ರಿತ ಪರೀಕ್ಷೆ ಡೈಮಿಥೈಲ್ ಫ್ಯೂಮರೇಟ್ ಎಂಬ ಇನ್ನೊಂದು ಎಂಎಸ್ ಮದ್ದಿಗಿಂತ ಅದೇ ಮೇಲು ಎಂದಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಎಸ್‌ಗೆ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದರ ಅಗ್ಗದ ಪ್ರತಿರೂಪ ತಂದಿದ್ದರಿಂದ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಇದು ಎಟುಕುವಂತಾಯಿತು. ಕೊಡುವ ಮುನ್ನ ಕ್ಷಯ, ಹೆಪಟೈಟಿಸ್-ಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಹಾಗೆಂದು ಸ್ವೀಡನ್‌ನ ಲೆಕ್ಕ ದೆಹಲಿಗೆ ಹಾಗೇ ಒಪ್ಪುವುದಿಲ್ಲ. ಯಮುನೆಯ ಪೂರ್ವಕ್ಕಿರುವ ಮಯೂರ್ ವಿಹಾರ್‌ನಿಂದ ಏಮ್ಸ್‌ಗೆ ಹೊರಟ ರೋಗಿ ಪಿಂಕ್ ಲೈನ್ ಮೆಟ್ರೊದಲ್ಲಿ ಐಎನ್‌ಎಗೆ ಬಂದು ಯೆಲ್ಲೊ ಲೈನ್ ಹಿಡಿಯಬೇಕು. ಮೇ ತಿಂಗಳ ಬಿಸಿಲಲ್ಲಿ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ತಂಪಾದ ಬೋಗಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ. ಮೈ ಬಿಸಿಯೇರಿದಾಗ ಕಾಣುವ, ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲಿ ಗುರುತಿಸಿದ ಲಕ್ಷಣವಿದು. ಇದು ಮರುಕಳಿಕೆಯಲ್ಲ. ಮರುಕಳಿಕೆ ಎಂದು ಬರೆದುಕೊಂಡರೆ ಕೆಲಸ ಮಾಡುತ್ತಿರುವ ಮದ್ದೂ ಸೋತ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಗೊಂದಲ ರೋಗನಿರ್ಣಯದ್ದೇ. ಎಂಎಸ್‌ನಂತೆ ತೋರುವ ನ್ಯೂರೋಮೈಲೈಟಿಸ್ ಆಪ್ಟಿಕಾ ಬೇರೆ ಕಾಯಿಲೆ; ಅದನ್ನು ಪತ್ತೆಹಚ್ಚುವ ಪ್ರತಿಕಾಯ ತಿಳಿದದ್ದು 2004ರಲ್ಲಿ. ಅದಕ್ಕೆ ಇಂಟರ್ಫೆರಾನ್ ಕೊಟ್ಟರೆ ಉಲ್ಬಣಿಸಬಹುದು. ಈ ಎರಡನ್ನೂ ಬೇರ್ಪಡಿಸಿ ಎಣಿಸಿದ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಮಂಗಳೂರಿನ ನರತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಗರದ ಎಂಎಸ್ ಪ್ರಮಾಣ ಲಕ್ಷಕ್ಕೆ ಸುಮಾರು 8. ಅಪರೂಪದ ಕಾಯಿಲೆ ಎಂದು ಬದಿಗಿಡುತ್ತಿದ್ದ ಕಾಲಕ್ಕೆ ಅದು ಕೊಟ್ಟ ಉತ್ತರ. ದೇಶಮಟ್ಟದ ನೋಂದಣಿಯೂ ಏಮ್ಸ್ ಮುಂದಾಳತ್ವದಲ್ಲಿ ಶುರುವಾಗಿದೆ.

ಈ ನೋಂದಣಿಯ ಬೆಲೆ ಅದರೊಳಗಿನ ಕಡತಗಳ ಮೇಲೆ ನಿಂತಿದೆ. ಎಂಎಸ್ ಇರುವವರು, ಅವರ ಮನೆಯವರು ಹಳೆಯ ಎಂಆರ್‌ಐ ಫಿಲ್ಮುಗಳನ್ನು ಎಸೆಯಬೇಡಿ; ಮದ್ದು ಯಾವಾಗ ಶುರುವಾಯಿತು, ಯಾವಾಗ, ಏಕೆ ನಿಂತಿತು, ತೊಂದರೆ ಮರುಕಳಿಕೆ ಎನ್ನಲು ಬೇಕಾದ 24 ಗಂಟೆ ಮೀರಿತೇ ಎಂಬುದನ್ನು ತಾರೀಖಿನ ಸಮೇತ ಬರೆದಿಡಿ. ನೋಂದಣಿಗೆ ಒಪ್ಪಿಗೆ ಕೇಳಿದಾಗ ವಿವರ ತಿಳಿದುಕೊಂಡು ಸಹಿ ಹಾಕಿ.