ನಿನ್ ಥುವಾನ್

ನಿನ್ ಥುವಾನ್ ವಿಯೆಟ್ನಾಂ ದೇಶದ ದಕ್ಷಿಣ ಮಧ್ಯ ಕರಾವಳಿಯಲ್ಲಿದ್ದ ಒಂದು ಪ್ರಾಂತ್ಯ. ಫಾನ್ ರಾಂಗ್-ಥಾಪ್ ಚಾಮ್ ನಗರ ಇದರ ರಾಜಧಾನಿಯಾಗಿತ್ತು. 2025ರ ಜುಲೈ 1ರಂದು ಇದನ್ನು ನೆರೆಯ ಖಾನ್ ಹೋವಾ ಪ್ರಾಂತ್ಯದೊಂದಿಗೆ ವಿಲೀನಗೊಳಿಸಲಾಯಿತು. ಪ್ರಾಚೀನ ಚಂಪಾ ರಾಜ್ಯವು ಕೊನೆಯವರೆಗೆ ಉಳಿದುಕೊಂಡ ನೆಲದ ಭಾಗವಾಗಿರುವುದರಿಂದ ಈ ಪ್ರದೇಶಕ್ಕೆ ಐತಿಹಾಸಿಕ ಮಹತ್ವವಿದೆ.

ಭೌಗೋಳಿಕ ವಿವರ

ಪ್ರಾಂತ್ಯದ ವಿಸ್ತೀರ್ಣ ಸುಮಾರು 3,350 ಚದರ ಕಿ.ಮೀ. ಪೂರ್ವದಲ್ಲಿ ಸಮುದ್ರವಿದ್ದು, ಉಳಿದ ಮೂರು ದಿಕ್ಕುಗಳಲ್ಲಿ ಬೆಟ್ಟಸಾಲುಗಳಿವೆ. ಇವು ಮಳೆಮೋಡಗಳನ್ನು ತಡೆಯುವುದರಿಂದ ಕರಾವಳಿಯ ಬಯಲು ವಿಯೆಟ್ನಾಮಿನ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದಾಗಿದೆ. ದ್ರಾಕ್ಷಿ ಬೇಸಾಯ, ಆಡು-ಕುರಿ ಸಾಕಣೆ ಮತ್ತು ಕಾ ನಾ ಪರಿಸರದ ಉಪ್ಪು ತಯಾರಿಕೆ ಈ ಒಣ ಹವೆಗೆ ಹೊಂದಿಕೊಂಡ ಕಸುಬುಗಳಾಗಿವೆ. ಭತ್ತದ ಬೇಸಾಯವು ಕಾಲುವೆ ನೀರನ್ನು ಅವಲಂಬಿಸಿದೆ.

ಇತಿಹಾಸ

ಚಂಪಾ ಕಾಲದ ಶಾಸನಗಳಲ್ಲಿ ಈ ಸೀಮೆಗೆ ‘ಪಾಂಡುರಂಗ’ ಎಂಬ ಹೆಸರಿದೆ. 1471ರಲ್ಲಿ ಉತ್ತರದ ವಿಜಯ ನಗರಿಯು ವಿಯೆಟ್ನಾಮೀಯರ ವಶವಾದ ಬಳಿಕವೂ ಪಾಂಡುರಂಗದಲ್ಲಿ ಚಾಮ್ ಅರಸರ ಆಳ್ವಿಕೆ ಮುಂದುವರಿಯಿತು. 17ನೆಯ ಶತಮಾನದ ಕೊನೆಯಲ್ಲಿ ಅದು ನ್ಗುಯೆನ್ ಒಡೆಯರ ಅಧೀನ ಸಂಸ್ಥಾನವಾಯಿತು. 1832ರಲ್ಲಿ ಚಕ್ರವರ್ತಿ ಮಿನ್ ಮಾಂಗ್ ಈ ಸಂಸ್ಥಾನವನ್ನು ರದ್ದುಪಡಿಸಿದನು. ಇದನ್ನು ವಿರೋಧಿಸಿ ಎದ್ದ ದಂಗೆಗಳನ್ನು 1835ರ ವೇಳೆಗೆ ಹತ್ತಿಕ್ಕಲಾಯಿತು. 1976ರಲ್ಲಿ ಥುವಾನ್ ಹಾಯ್ ಪ್ರಾಂತ್ಯಕ್ಕೆ ಸೇರಿಹೋದ ನಿನ್ ಥುವಾನ್, 1992ರಲ್ಲಿ ಮತ್ತೆ ಪ್ರತ್ಯೇಕ ಪ್ರಾಂತ್ಯವಾಯಿತು.

ಸಂಸ್ಕೃತಿ

ಆಡಳಿತದ ಎಲ್ಲೆಗಳು ಹಲವು ಬಾರಿ ಬದಲಾದರೂ ಚಾಮ್ ಜನರ ಆಚರಣೆಗಳು ಮುಂದುವರಿದಿವೆ. ಇಲ್ಲಿನ ಚಾಮರಲ್ಲಿ ಹಿಂದೂ ಮೂಲದ ಸಂಪ್ರದಾಯವನ್ನು ಪಾಲಿಸುವವರೂ, ಇಸ್ಲಾಂ ಧರ್ಮದ ಸ್ಥಳೀಯ ರೂಪವಾದ ‘ಬಾನಿ’ ಪಂಥದವರೂ ಇದ್ದಾರೆ. ಫಾನ್ ರಾಂಗ್ ಬಳಿಯ ಗುಡ್ಡದ ಮೇಲಿರುವ ಪೋ ಕ್ಲೊಂಗ್ ಗರೈ ದೇಗುಲವನ್ನು 13ನೆಯ ಶತಮಾನದ ಕೊನೆಯ ವೇಳೆಗೆ ಇಟ್ಟಿಗೆಯಿಂದ ಕಟ್ಟಲಾಯಿತು. ಬಾಗಿಲಿನ ಮೇಲೆ ನರ್ತಿಸುವ ಶಿವನ ಶಿಲ್ಪವೂ ಗರ್ಭಗುಡಿಯಲ್ಲಿ ಮುಖಲಿಂಗವೂ ಇವೆ. ಆ ಲಿಂಗವನ್ನೇ ಜನರು ತಮ್ಮ ಪೂರ್ವದ ಅರಸನೆಂದು ಪೂಜಿಸುತ್ತಾರೆ. ಅಣೆಕಟ್ಟು, ಕಾಲುವೆಗಳನ್ನು ಕಟ್ಟಿಸಿ ನಾಡಿಗೆ ನೀರು ತಂದವನು ಈ ಅರಸನೇ ಎಂಬುದು ಐತಿಹ್ಯ.

ಚಾಮ್ ಪಂಚಾಂಗದ ಏಳನೆಯ ತಿಂಗಳಲ್ಲಿ ‘ಕಾಟೆ’ ಹಬ್ಬ ನಡೆಯುತ್ತದೆ. ದೇವತೆಗಳ ಮತ್ತು ಅರಸರ ವಸ್ತ್ರಗಳನ್ನು ಜೋಪಾನ ಮಾಡುವವರು ಬೆಟ್ಟದ ರಾಗ್ಲಾಯ್ ಜನರು. ಹಬ್ಬಕ್ಕಾಗಿ ಅವರು ಆ ವಸ್ತ್ರಗಳನ್ನು ಬಯಲಿಗೆ ತಂದು ಚಾಮರಿಗೆ ಒಪ್ಪಿಸುತ್ತಾರೆ.

ಬೌ ಟ್ರುಕ್ ಗ್ರಾಮದ ಮಹಿಳೆಯರು ತಿಗರಿಯಿಲ್ಲದೆ, ಮಣ್ಣಿನ ಮುದ್ದೆಯ ಸುತ್ತ ತಾವೇ ಸುತ್ತುತ್ತಾ ಮಡಕೆಗಳನ್ನು ರೂಪಿಸುತ್ತಾರೆ. ಅವುಗಳನ್ನು ಬಯಲಿನಲ್ಲಿಯೇ ಕಟ್ಟಿಗೆ ಮತ್ತು ಹುಲ್ಲು ಉರಿಸಿ ಸುಡಲಾಗುತ್ತದೆ. ತಾಯಿಯಿಂದ ಮಗಳಿಗೆ ಬರುವ ಈ ಚಾಮ್ ಕುಂಬಾರಿಕೆಯನ್ನು ಯುನೆಸ್ಕೋ 2022ರಲ್ಲಿ ತುರ್ತು ಸಂರಕ್ಷಣೆ ಅಗತ್ಯವಿರುವ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.